ದೈತ್ಯರೂ ಮುರಿದ ಮಾತೂ: ನಾರ್ಡಿಕ್ ಸೀರೀಸ್‌ಗಳ ಜಾನಪದ ಯಾರ ಪರ?

ನೆಟ್‌ಫ್ಲಿಕ್ಸ್‌ನಲ್ಲಿ 2020ರಿಂದ 2023ರವರೆಗೆ ಮೂರು ಸೀಸನ್ ಓಡಿದ ‘ರಾಗ್ನರಾಕ್’ ನಡೆಯುವುದು ಎಡ್ಡಾ ಎಂಬ ಊರಿನಲ್ಲಿ. ಆ ಊರು ಕಲ್ಪನೆಯದು. ಚಿತ್ರೀಕರಣ ಆದದ್ದು ಪಶ್ಚಿಮ ನಾರ್ವೆಯ ಒಡ್ಡಾದಲ್ಲಿ. ಸಮುದ್ರ ಒಳನಾಡಿಗೆ ಕಿರಿದಾಗಿ ಚಾಚಿಕೊಂಡ ಜಾಗಕ್ಕೆ ಅಲ್ಲಿ ಫ್ಯೋರ್ಡ್ ಎನ್ನುತ್ತಾರೆ. ಹರ್ದಾಂಗರ್ ಫ್ಯೋರ್ಡಿನ ಒಂದು ಕವಲಿನ ಕಟ್ಟಕಡೆಗೆ ಒಡ್ಡಾ ಇದೆ. ಎರಡೂ ಬದಿಗೆ ಕಡಿದಾದ ಬೆಟ್ಟ, ಮೇಲೆ ಫೋಲ್ಗೆಫೋನ್ನಾ ಹಿಮನದಿ, ಕೆಳಗೆ ನೀರಿನಂಚಿಗೆ ಕಾರ್ಖಾನೆ. ಸೀರೀಸ್ ನೋಡಿದವರಿಗೆ ಈ ದೃಶ್ಯ ಚೆನ್ನಾಗಿ ನೆನಪಿರುತ್ತದೆ, ಏಕೆಂದರೆ ಕಥೆಯ ಮುಕ್ಕಾಲು ಕೆಲಸವನ್ನು ಆ ದೃಶ್ಯವೇ ಮಾಡಿಬಿಡುತ್ತದೆ.

ಕಥೆ ಸರಳ. ಮಾಗ್ನೆ ಎಂಬ ಹುಡುಗ ತಾಯಿ ಮತ್ತು ತಮ್ಮನ ಜೊತೆ ಹುಟ್ಟೂರಿಗೆ ಮರಳುತ್ತಾನೆ. ಬಂದಿಳಿದ ದಿನವೇ ಮುದುಕಿಯೊಬ್ಬಳು ಅವನ ಹಣೆ ಮುಟ್ಟುತ್ತಾಳೆ, ಅಲ್ಲಿಂದ ಅವನೊಳಗೆ ಗುಡುಗಿನ ದೇವರು ಥಾರ್ ಎಚ್ಚರಗೊಳ್ಳುತ್ತಾನೆ. ಊರನ್ನು ಸಾಕುವುದು ಯುತುಲ್ ಇಂಡಸ್ಟ್ರೀಸ್. ಅದರ ಮಾಲೀಕರ ಮನೆಯ ನಾಲ್ವರೂ ಸಾವಿರಾರು ವರ್ಷದಿಂದ ಬದುಕಿರುವ ದೈತ್ಯರು. ಮಾಗ್ನೆಯ ಹೊಸ ಗೆಳತಿ ಇಸೋಲ್ಡೆ, ಕಾರ್ಖಾನೆ ನೀರಿಗೆ ವಿಷ ಬಿಡುತ್ತಿದೆ ಎಂದು ಬೆನ್ನುಹತ್ತಿದವಳು, ಮೊದಲ ಕಂತಿನಲ್ಲೇ ಪ್ಯಾರಾಗ್ಲೈಡಿಂಗ್ ಮಾಡುವಾಗ ಸಾಯುತ್ತಾಳೆ. ಪೊಲೀಸರು ಅಪಘಾತ ಎಂದು ಕೈತೊಳೆದುಕೊಳ್ಳುತ್ತಾರೆ. ಇತ್ತ ಮಾಗ್ನೆಯ ತಾಯಿಗೆ ಸಂಬಳ ಬರುವುದು ಅದೇ ಯುತುಲ್ ಕಂಪನಿಯಿಂದ. ನನ್ನ ಮಟ್ಟಿಗೆ ಇಡೀ ಸೀರೀಸ್‌ನಲ್ಲಿ ಅತ್ಯಂತ ನಿಜವೆನಿಸುವ ಎಳೆ ಇದು. ಥಾರ್‌ನ ಹಾಗೆ ಸುತ್ತಿಗೆ ಎಸೆಯುವುದನ್ನು ಹೇಗೋ ಕಲಿಯಬಹುದು, ತಿಂಗಳ ಕೊನೆಯ ಮನೆ ಬಾಡಿಗೆಗೆ ಏನು ಮಾಡುವುದು?

ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ನಂಥ ನಾರ್ಡಿಕ್ ದೇಶಗಳ ಸೀರೀಸ್ ಎಂದರೆ ಒಂದು ಕಾಲಕ್ಕೆ ಕೊಲೆ, ಹಿಮ ಮತ್ತು ಸ್ವೆಟರ್ ತೊಟ್ಟ ಪತ್ತೇದಾರಿಣಿ ಅಷ್ಟೇ ಇತ್ತು. ಕಳೆದ ಹತ್ತು ವರ್ಷದಲ್ಲಿ ಅದಕ್ಕೆ ಎರಡು ಹೊಸ ಸಾಮಾನು ಸೇರಿವೆ: ಹಳೆಯ ದೇವರು-ದೆವ್ವಗಳು, ಮತ್ತು ಹಾಳಾದ ನೆಲ-ನೀರು. ಎರಡನ್ನೂ ಒಟ್ಟಿಗೆ ಬೆರೆಸಿದರೆ ಪರಿಸರ ನ್ಯಾಯದ ಕಥೆ ತಾನಾಗಿಯೇ ಆಗುತ್ತದೆ ಎಂಬ ನಂಬಿಕೆ ವಿಮರ್ಶೆಗಳಲ್ಲಿ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಪರಿಸರ ಹಾಳಾಯಿತು ಎಂದು ಮರುಗುವುದು ಒಂದು ಮಾತು. ಅದರ ಲಾಭ ಯಾರ ಜೇಬಿಗೆ ಹೋಯಿತು, ಕೊಳೆ ಯಾರ ಅಂಗಳಕ್ಕೆ ಬಿತ್ತು, ತೀರ್ಮಾನ ಮಾಡುವ ಮೊದಲು ಯಾರನ್ನು ಕೇಳಿದರು ಎಂದು ವಿಚಾರಿಸುವುದು ಇನ್ನೊಂದು. ನ್ಯಾಯದ ಪ್ರಶ್ನೆ ಇರುವುದು ಎರಡನೆಯದರಲ್ಲಿ.

ಮತ್ತೆ ಒಡ್ಡಾಕ್ಕೆ ಬರೋಣ. ಅಲ್ಲಿ ಕಾರ್ಬೈಡ್ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಪಕ್ಕದ ಟಿಸ್ಸೆದಾಲ್‌ನಲ್ಲಿ ಜಲಪಾತದಿಂದ ವಿದ್ಯುತ್ ಅಗ್ಗವಾಗಿ ಸಿಗುತ್ತಿತ್ತು, ಅದನ್ನು ನಂಬಿಯೇ ಬಂಡವಾಳ ಬಂತು. ಆಮೇಲೆ ಸತುವಿನ ಕಾರ್ಖಾನೆ ಬಂತು. 1970ರ ದಶಕದ ಹೊತ್ತಿಗೆ ಈ ಫ್ಯೋರ್ಡಿನ ಕವಲು ಭಾರಲೋಹಗಳಿಂದ ಜಗತ್ತಿನಲ್ಲೇ ಅತಿ ಹೆಚ್ಚು ಕಲುಷಿತವಾದ ಫ್ಯೋರ್ಡ್‌ಗಳಲ್ಲಿ ಒಂದು ಎಂದು ಹೆಸರಾಗಿತ್ತು. ಸತು, ಕ್ಯಾಡ್ಮಿಯಂ, ಸೀಸ, ಪಾದರಸ ಎಲ್ಲವೂ ಅಲ್ಲಿದ್ದವು. ಸತುವಿನ ಅದಿರಿನಲ್ಲಿ ಕಬ್ಬಿಣವೂ ಇರುತ್ತದೆ. ಅದನ್ನು ಬೇರ್ಪಡಿಸುವಾಗ ಜರೋಸೈಟ್ ಎಂಬ ಕೆಸರು ಉಳಿಯುತ್ತದೆ, ಆ ಕೆಸರಿನ ಜೊತೆ ಉಳಿದ ಲೋಹಗಳೂ ಹೋಗುತ್ತವೆ. 1986ರವರೆಗೆ ಅದು ಹೋಗುತ್ತಿದ್ದದ್ದು ಫ್ಯೋರ್ಡಿಗೆ. ಅಲ್ಲಿಂದಾಚೆ ಬೆಟ್ಟದೊಳಗೆ ಬಂಡೆ ಕೊರೆದು ದೊಡ್ಡ ಗುಹೆಗಳನ್ನು ಮಾಡಿ ತುಂಬುತ್ತ ಬಂದಿದ್ದಾರೆ. ಕಾರ್ಬೈಡ್ ಕಾರ್ಖಾನೆ 2003ರಲ್ಲಿ ಮುಚ್ಚಿತು.

ಸೀರೀಸ್‌ನಲ್ಲಿ ಯುತುಲ್ ಮನೆಯವರು ವಿಷದ ಡ್ರಮ್ಮುಗಳನ್ನು ಬೆಟ್ಟದ ಹಿಮದಡಿ ಬಚ್ಚಿಟ್ಟಿರುತ್ತಾರೆ. ಹಿಮ ಕರಗಿದಂತೆ ಗುಟ್ಟು ಬಯಲಾಗುತ್ತದೆ. ನಿಜವಾದ ಒಡ್ಡಾದಲ್ಲಿ ಬಯಲಾಗಲು ಗುಟ್ಟೇ ಇರಲಿಲ್ಲ. ಸರ್ಕಾರಕ್ಕೆ ಗೊತ್ತಿತ್ತು, ವಿಜ್ಞಾನಿಗಳು ಅಳೆದು ಬರೆದಿದ್ದರು, ಕಾರ್ಮಿಕರಿಗೆ ಗೊತ್ತಿತ್ತು, ಮೀನು ಹಿಡಿಯುವವರಿಗಂತೂ ಗೊತ್ತೇ ಇತ್ತು. ಊರಿಗೆ ಅನ್ನ ಕೊಟ್ಟ ಕಾರ್ಖಾನೆಯೇ ಊರಿನ ನೀರು ಕೆಡಿಸಿತು, ಮತ್ತು ಅದು ನಡೆದದ್ದು ಎಲ್ಲರ ಕಣ್ಣೆದುರು, ಕಾಗದಪತ್ರಗಳ ಸಮೇತ. ಖಳನನ್ನು ದೈತ್ಯನನ್ನಾಗಿ ಮಾಡಿದ ಕೂಡಲೇ ಈ ಇಕ್ಕಟ್ಟು ಮಾಯವಾಗುತ್ತದೆ. ದೈತ್ಯನನ್ನು ಕೊಂದರೆ ಮುಗಿಯಿತು. ಲೈಸೆನ್ಸ್ ಕೊಟ್ಟ ಇಲಾಖೆಯನ್ನು ಯಾವ ಸುತ್ತಿಗೆಯಿಂದ ಹೊಡೆಯುವುದು?

ಒಡ್ಡಾದ ಸತು ಕಾರ್ಖಾನೆ ಈಗ ಸ್ವೀಡನ್ನಿನ ಬೋಲಿಡನ್ ಕಂಪನಿಯ ಕೈಯಲ್ಲಿದೆ. ವರ್ಷಕ್ಕೆ 2 ಲಕ್ಷ ಟನ್ ಇದ್ದ ಉತ್ಪಾದನೆಯನ್ನು 3.5 ಲಕ್ಷ ಟನ್‌ಗೆ ಏರಿಸುವ ಯೋಜನೆಗೆ ಇಟ್ಟ ಹೆಸರು ‘ಗ್ರೀನ್ ಜಿಂಕ್ ಒಡ್ಡಾ’. ಜಲವಿದ್ಯುತ್ತಿನಿಂದ ಕರಗಿಸುವ ಸತುವಿಗೆ ಇಂಗಾಲದ ಲೆಕ್ಕ ಕಡಿಮೆ ಬೀಳುತ್ತದೆ ಎಂಬುದು ಸುಳ್ಳೇನಲ್ಲ. ಸೀರೀಸ್ ಬರೆದವರ ದೈತ್ಯರಿಗೆ ಮಾತ್ರ ಇಂಥ ಹಸಿರು ಬಣ್ಣ ಬಳಿಯುವ ತಲೆನೋವು ಹೆಚ್ಚೇನಿಲ್ಲ, ಅವರು ಹೊಗೆ ಉಗುಳಿಕೊಂಡೇ ಪರದೆಯ ಮೇಲೆ ಬರುತ್ತಾರೆ.

ಇಲ್ಲಿ ಮೂಲ ಪುರಾಣವನ್ನೇ ತೆಗೆದು ನೋಡಿದರೆ ಸ್ವಾರಸ್ಯ ಹೆಚ್ಚುತ್ತದೆ. ರಾಗ್ನರಾಕ್ ಎಂದರೆ ದೇವತೆಗಳ ಅಂತ್ಯಕಾಲ. ಅದರ ಮುಖ್ಯ ಆಕರ ‘ವೋಲುಸ್ಪಾ’ ಎಂಬ ಹಳೆಯ ಕಾವ್ಯ, ಜೊತೆಗೆ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 13ನೇ ಶತಮಾನದಲ್ಲಿ ಬರೆದಿಟ್ಟ ಗದ್ಯ. ಅಲ್ಲಿ ಸರ್ವನಾಶಕ್ಕೆ ಬಹಳ ಮೊದಲೇ ಒಂದು ಸಣ್ಣ ಪ್ರಸಂಗ ಬರುತ್ತದೆ. ದೇವತೆಗಳಿಗೆ ತಮ್ಮ ಊರಿನ ಸುತ್ತ ಕೋಟೆ ಬೇಕಾಗಿತ್ತು. ಒಬ್ಬ ಕಟ್ಟಡದ ಮೇಸ್ತ್ರಿ ಬಂದು, ಕಟ್ಟಿಕೊಡುತ್ತೇನೆ, ಕೂಲಿಯಾಗಿ ಫ್ರೇಯಾ ದೇವಿಯನ್ನೂ ಸೂರ್ಯಚಂದ್ರರನ್ನೂ ಕೊಡಿ ಎನ್ನುತ್ತಾನೆ. ಒಂದೇ ಚಳಿಗಾಲದಲ್ಲಿ ಮುಗಿಸಬೇಕು, ಇನ್ನೊಬ್ಬ ಆಳಿನ ನೆರವು ಪಡೆಯಬಾರದು ಎಂಬ ಕರಾರು ಹಾಕಿ ದೇವತೆಗಳು ಒಪ್ಪುತ್ತಾರೆ, ಹೇಗೂ ಆಗದ ಕೆಲಸ ಎಂಬ ಧೈರ್ಯದಿಂದ. ಮೇಸ್ತ್ರಿಯ ಕುದುರೆ ರಾತ್ರಿಯಿಡೀ ಬಂಡೆ ಎಳೆಯುತ್ತದೆ. ಬೇಸಿಗೆಗೆ ಮೂರು ದಿನ ಇರುವಾಗ ಕೋಟೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಆಗ ದೇವತೆಗಳ ನಡುವಿನ ಕುಟಿಲ ಲೋಕಿ ಹೆಣ್ಣು ಕುದುರೆಯ ವೇಷದಲ್ಲಿ ಬಂದು ಆ ಕುದುರೆಯನ್ನು ಕಾಡಿಗೆ ಓಡಿಸಿಕೊಂಡು ಹೋಗುತ್ತಾನೆ. ಮೇಸ್ತ್ರಿ ಸಿಟ್ಟಿಗೆದ್ದಾಗ ಅವನು ದೈತ್ಯ ಎಂದು ಗೊತ್ತಾಗುತ್ತದೆ. ಥಾರ್ ಬಂದು ಸುತ್ತಿಗೆಯಿಂದ ಅವನ ತಲೆಬುರುಡೆ ಒಡೆಯುತ್ತಾನೆ. ಕೋಟೆ ದೇವತೆಗಳಿಗೆ ಉಳಿಯಿತು, ಕೂಲಿ ಕೊಡಲಿಲ್ಲ. ಆಣೆಗಳು ಮುರಿದವು, ಕೊಟ್ಟ ಮಾತುಗಳು ಮುರಿದವು ಎಂದು ಕಾವ್ಯ ಅಲ್ಲೇ ದಾಖಲಿಸುತ್ತದೆ, ಸಾಕ್ಷಿ ಹೇಳಿದ ಹಾಗೆ.

ಅಂದರೆ ಪುರಾಣದಲ್ಲಿ ದೈತ್ಯರು ಕೆಟ್ಟವರು, ದೇವತೆಗಳು ಒಳ್ಳೆಯವರು ಎಂಬ ಸುಲಭದ ಹಂಚಿಕೆ ಇಲ್ಲ. ಕೆಲಸ ಮಾಡಿಸಿಕೊಂಡು ಕೂಲಿ ಕೊಡದವರು ದೇವತೆಗಳು, ಅವರ ಪರವಾಗಿ ಕೈಯೆತ್ತಿದವನು ಥಾರ್. ಜಗತ್ತು ಮುಳುಗುವುದರ ಬೇರು ಇಲ್ಲೂ ಇದೆ. ಸೀರೀಸ್ ಈ ಬೇರನ್ನು ಬಿಟ್ಟು ಬರೀ ಸುತ್ತಿಗೆಯನ್ನು ಎತ್ತಿಕೊಂಡಿತು. ಅದರ ಸೃಷ್ಟಿಕರ್ತ ಡೆನ್ಮಾರ್ಕಿನ ಆಡಮ್ ಪ್ರೈಸ್ ಸಾಮಾನ್ಯ ಬರಹಗಾರನಲ್ಲ, ಡ್ಯಾನಿಶ್ ರಾಜಕಾರಣದ ಒಳಮನೆ ತೋರಿಸಿದ ‘ಬೋರ್ಗನ್’ ಅವನದೇ. 2022ರಲ್ಲಿ ಬಂದ ಅದರ ನಾಲ್ಕನೆಯ ಸೀಸನ್‌ನಲ್ಲಿ ಗ್ರೀನ್‌ಲ್ಯಾಂಡ್‌ನಲ್ಲಿ ಎಣ್ಣೆ ಸಿಗುತ್ತದೆ. ಅಗೆಯುವ ಹಕ್ಕು ಯಾರದು, ಬೇಡ ಎನ್ನುವ ಹಕ್ಕು ಯಾರದು ಎಂಬ ಎಳೆದಾಟದಲ್ಲಿ ಒಳ್ಳೆಯವರೆನಿಸಿಕೊಂಡವರ ಕೈಗಳೂ ಮಸಿಯಾಗುತ್ತವೆ. ದೇವರು-ದೈತ್ಯರಿಲ್ಲದ ಆ ಕಥೆ ಪರಿಸರ ನ್ಯಾಯಕ್ಕೆ ‘ರಾಗ್ನರಾಕ್’ಗಿಂತ ಹೆಚ್ಚು ಹತ್ತಿರ ಹೋಗುತ್ತದೆ. ‘ರಾಗ್ನರಾಕ್’ ಕೊನೆಗೆ ಎಲ್ಲವೂ ಹುಡುಗನ ತಲೆಯೊಳಗಿನ ಯುದ್ಧವೇ ಇರಬಹುದು ಎನ್ನುವ ಹಾಗೆ ಮುಗಿಯಿತು. ಅಭಿಮಾನಿಗಳು ಮುನಿಸಿಕೊಂಡದ್ದು ದೇವರುಗಳ ಸಲುವಾಗಿ. ನನಗೆ ಕಿರಿಕಿರಿಯಾದದ್ದು ಬೇರೆ ಕಾರಣಕ್ಕೆ: ಆ ಹೊತ್ತಿಗಾಗಲೇ ನೀರಿನ ವಿಷದ ಕಥೆಯನ್ನು ಬದಿಗೆ ಸರಿಸಿ ಆಗಿತ್ತು.

ಮಾತು ಮುರಿಯುವ ಕಥೆಯನ್ನು ಕೈಬಿಡದ ಸೀರೀಸ್ ಒಂದಿದೆ, ಸ್ವೀಡನ್ನಿನ ಸಾರ್ವಜನಿಕ ವಾಹಿನಿ ಎಸ್‌ವಿಟಿಯಲ್ಲಿ 2015ರಲ್ಲಿ ಶುರುವಾದ ‘ಯೂರ್ಡ್‌ಸ್ಕಾಟ್’. ಎವಾ ಥೋರ್ನ್‌ಬ್ಲಾಡ್ ಎಂಬ ಪೊಲೀಸ್ ಅಧಿಕಾರಿಯ ಮಗಳು ಕೆರೆಯ ಬಳಿ ಕಾಣೆಯಾಗಿ ಏಳು ವರ್ಷವಾಗಿದೆ. ಈಗ ಅದೇ ಊರಿನಲ್ಲಿ ಇನ್ನೊಂದು ಮಗು ಕಾಣೆಯಾಗಿದೆ. ಎವಾಳ ತಂದೆ ಊರಿನ ದೊಡ್ಡ ಮರ ಮತ್ತು ಗಣಿ ಕಂಪನಿಯ ಒಡೆಯ, ಈಗಷ್ಟೇ ತೀರಿಕೊಂಡವನು. ಆಸ್ತಿಯ ಜೊತೆ ಮಗಳಿಗೆ ಬರುವುದು ಒಂದು ಹಳೆಯ ಕರಾರು. ಕಾಡಿನಲ್ಲಿ ಮನುಷ್ಯರಲ್ಲದವರು ಇದ್ದಾರೆ, ಕುಟುಂಬದ ಹಿರಿಯರು ಅವರೊಡನೆ ಒಪ್ಪಂದ ಮಾಡಿಕೊಂಡಿದ್ದರು, ಕಂಪನಿ ಅದನ್ನು ಮೀರಿದೆ. ಕೊಟ್ಟ ನೆಲಕ್ಕೆ ಪ್ರತಿಯಾಗಿ ಕೊಟ್ಟ ಮಾತನ್ನು ಮುಂದಿನ ತಲೆಮಾರು ಮುರಿದರೆ ದೈವ ಸುಮ್ಮನಿರುವುದಿಲ್ಲ ಎಂಬ ತುಳುನಾಡಿನ ನಂಬಿಕೆ ಗೊತ್ತಿರುವ ಓದುಗರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ.

ಆ ಜಾನಪದ ಎಲ್ಲಿಂದ ಬಂತು ಎಂಬುದು ಇನ್ನೂ ಮುಖ್ಯ. ನಾವು ಜಾನಪದವೆಂದರೆ ಕಾರ್ಖಾನೆ ಬರುವ ಮೊದಲಿನದು, ಮುಗ್ಧ ನಿಸರ್ಗದ್ದು ಎಂದುಕೊಳ್ಳುತ್ತೇವೆ. ಸ್ವೀಡನ್ನಿನ ಕಾಡಿನ ಹೆಣ್ಣು ‘ಸ್ಕೂಗ್ಸ್‌ರೋ’ ಕಥೆಗಳನ್ನು ಹೇಳಿಕೊಂಡು ಬಂದವರಲ್ಲಿ ಬೇಟೆಗಾರರ ಜೊತೆ ಇದ್ದಿಲು ಸುಡುವವರೂ ಇದ್ದರು. ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಇದ್ದಿಲು ಬೇಕು. ಅದಕ್ಕಾಗಿ ಗಂಡಸರು ಕಾಡಿನೊಳಗೆ ಸೌದೆ ಒಟ್ಟಿ, ಮಣ್ಣು ಮೆತ್ತಿ, ಒಳಗೇ ನಿಧಾನವಾಗಿ ಬೇಯುವಂತೆ ಬೆಂಕಿ ಇಟ್ಟು ವಾರಗಟ್ಟಲೆ ಕಾಯುತ್ತಿದ್ದರು. ನಿದ್ದೆ ಹತ್ತಿದಾಗ ಮಣ್ಣು ಬಿರಿದು ಗಾಳಿ ಹೊಕ್ಕರೆ ಇಡೀ ಒಟ್ಟಲು ಭಗ್ಗೆಂದು ಉರಿದು ತಿಂಗಳ ದುಡಿಮೆ ಬೂದಿ. ಅಂಥ ಹೊತ್ತಿನಲ್ಲಿ ಕಾಡಿನ ಒಡತಿ ಬಂದು ಎಬ್ಬಿಸುತ್ತಾಳೆ ಎಂಬ ಕಥೆಗಳಿವೆ, ಅವಳೊಂದಿಗೆ ಮರ್ಯಾದೆಯಿಂದ ನಡೆದುಕೊಂಡವರಿಗೆ ಮಾತ್ರ. ಗಣಿಗಳಿಗೂ ಹೀಗೆ ಒಡತಿಯರಿದ್ದರು. ಸಾಲಾ ಎಂಬ ಊರಿನ ಬೆಳ್ಳಿ ಗಣಿಯ ಒಡತಿಯ ಕಥೆಯನ್ನು ಇಂದಿಗೂ ಅಲ್ಲಿಗೆ ಹೋದವರಿಗೆ ಹೇಳುತ್ತಾರೆ. ಇವು ದುಡಿಮೆಯ ಜಾಗದಲ್ಲಿ ಹುಟ್ಟಿದ ಕಥೆಗಳು. ಕಾಡಿನಿಂದ ತೆಗೆದುಕೊಳ್ಳಬೇಡ ಎಂದು ಅವು ಎಲ್ಲೂ ಹೇಳುವುದಿಲ್ಲ. ಕೇಳಿ ತೆಗೆದುಕೋ, ಇಷ್ಟೇ ತೆಗೆದುಕೋ, ಪ್ರತಿಯಾಗಿ ಏನಾದರೂ ಇಡು ಎನ್ನುತ್ತವೆ. ಹೀಗೆ ನೋಡಿದರೆ ಅದು ಪರವಾನಗಿಯ ಕಾನೂನು, ಭಾಷೆಯಷ್ಟೇ ಬೇರೆ.

‘ಯೂರ್ಡ್‌ಸ್ಕಾಟ್’ ಎಲ್ಲ ಕಡೆಯೂ ಈ ಎತ್ತರದಲ್ಲಿ ನಿಲ್ಲುತ್ತದೆ ಎಂದೇನೂ ಅಲ್ಲ. ಎರಡನೆಯ ಸೀಸನ್ ನನಗೆ ಎಳೆದಂತೆ ಅನ್ನಿಸಿತು. ಐಸ್‌ಲ್ಯಾಂಡಿನ ‘ಕಟ್ಲಾ’ದಲ್ಲಿ ಜ್ವಾಲಾಮುಖಿಯ ಬೂದಿಯಿಂದ ಸತ್ತವರ, ಕೆಲವೊಮ್ಮೆ ಬದುಕಿರುವವರ ಪ್ರತಿರೂಪಗಳೂ ಎದ್ದು ಬರುತ್ತವೆ. ನೋಡಲು ಚೆಂದ, ಆದರೆ ಅದು ದುಃಖದ ಕಥೆ, ನ್ಯಾಯದ್ದಲ್ಲ.

ಐಸ್‌ಲ್ಯಾಂಡ್ ಎಂದ ಮೇಲೆ ಪರದೆಯಾಚೆಗಿನ ಒಂದು ಘಟನೆ ಹೇಳಲೇಬೇಕು. ರಾಜಧಾನಿ ರೇಕ್ಯಾವಿಕ್ ಹತ್ತಿರ ಗಾಲ್ಗಾಹ್ರೌನ್ ಎಂಬ ಲಾವಾ ಬಯಲಿನ ಮೇಲೆ ರಸ್ತೆ ಮಾಡಲು ಹೊರಟಾಗ 2013ರ ಅಕ್ಟೋಬರ್‌ನಲ್ಲಿ ಜನ ಯಂತ್ರಗಳ ಮುಂದೆ ಕೂತರು, ಪೊಲೀಸರು ಎತ್ತಿಕೊಂಡು ಹೋದರು. ಅವರ ತಕರಾರು ಸಂರಕ್ಷಿಸಬೇಕಾದ ಭೂಭಾಗ ಮತ್ತು ಪರವಾನಗಿಯ ಕ್ರಮದ ಬಗ್ಗೆ ಇತ್ತು, ಕೋರ್ಟಿನಲ್ಲೂ ದಾವೆ ಇತ್ತು. ಅಲ್ಲಿನ ಬಂಡೆಯೊಂದು ಅಡಗಿದ ಜನರ, ಅಂದರೆ ಹುಲ್ದುಫೋಕ್‌ಗಳ ಗುಡಿ ಎಂಬ ನಂಬಿಕೆಯೂ ಜೊತೆಗಿತ್ತು. ಹೊರದೇಶಗಳ ಪತ್ರಿಕೆಗಳು ಬರೆದದ್ದು ಇದೊಂದನ್ನೇ: ಐಸ್‌ಲ್ಯಾಂಡಿನವರು ಯಕ್ಷರಿಗೆ ಹೆದರಿ ರಸ್ತೆ ನಿಲ್ಲಿಸಿದರು! 2015ರಲ್ಲಿ ಸುಮಾರು 70 ಟನ್‌ನ ಆ ಬಂಡೆಯನ್ನು ಕ್ರೇನಿನಿಂದ ಎತ್ತಿ ಪಕ್ಕಕ್ಕಿಟ್ಟು ರಸ್ತೆ ಮುಗಿಸಿದರು. ಹಾಸ್ಯದ ಸುದ್ದಿಯಲ್ಲಿ ಭೂಮಿಯ ತಕರಾರು ಮುಳುಗಿಹೋಯಿತು. ಜಾನಪದವನ್ನು ಮುಂದಿಟ್ಟುಕೊಂಡು ಹೋದವರಿಗೆ ಈ ಅಪಾಯ ಯಾವಾಗಲೂ ಇದ್ದದ್ದೇ.

ಈಗ ಈ ಎಲ್ಲ ಕಥೆಗಳ ದೊಡ್ಡ ಗೈರುಹಾಜರಿಗೆ ಬರುತ್ತೇನೆ. ಥಾರ್, ಲೋಕಿ, ಸ್ಕೂಗ್ಸ್‌ರೋ ಎಲ್ಲರೂ ಬಹುಸಂಖ್ಯಾತರ ಜಾನಪದ. ಅದನ್ನು ಬಳಸಿದರೆ ಯಾರ ಮನಸ್ಸೂ ನೋಯುವುದಿಲ್ಲ, ಪ್ರವಾಸೋದ್ಯಮಕ್ಕೂ ಒಳ್ಳೆಯದು. ಆದರೆ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ಪರಿಸರದ ಹೆಸರಿನ ಪೆಟ್ಟು ಹೆಚ್ಚಾಗಿ ಬೀಳುತ್ತಿರುವುದು ಉತ್ತರದ ಮೂಲನಿವಾಸಿ ಸಾಮಿ ಜನರ ಮೇಲೆ. 1751ರಲ್ಲಿ ಡೆನ್ಮಾರ್ಕ್-ನಾರ್ವೆ ಮತ್ತು ಸ್ವೀಡನ್ ತಮ್ಮ ನಡುವೆ ಗಡಿ ಎಳೆದಾಗ, ಹಿಮಸಾರಂಗಗಳ ಜೊತೆ ಗಡಿ ದಾಟುವ ಸಾಮಿ ಹಕ್ಕನ್ನು ಒಪ್ಪಂದಕ್ಕೆ ಸೇರಿಸಿದ ಅನುಬಂಧದಲ್ಲಿ ಬರೆದುಕೊಟ್ಟಿದ್ದವು. ಅದರ ಬೆಲೆ ಎಷ್ಟು ಎಂಬ ಜಗಳ ಈಗಲೂ ಮುಗಿದಿಲ್ಲ. ಕಾಡಿನವರೊಡನೆ ಮಾಡಿಕೊಂಡ ಹಳೆಯ ಕರಾರು ಎಂಬುದನ್ನು ಇಲ್ಲಿ ಯಾವ ಸೀರೀಸ್ ಬರಹಗಾರನೂ ಕಲ್ಪಿಸಿಕೊಳ್ಳಬೇಕಾಗಿಲ್ಲ.

ಮಧ್ಯ ನಾರ್ವೆಯ ಫೋಸೆನ್ ಪ್ರಕರಣ ನೋಡಿ. ಸ್ಟೂರ್‌ಹೇಯಾ ಮತ್ತು ರೋಆನ್ ಎಂಬ ಎರಡು ಕಡೆ ಒಟ್ಟು 151 ಗಾಳಿಯಂತ್ರಗಳು ಎದ್ದವು. ಅದು ಹಿಮಸಾರಂಗಗಳ ಚಳಿಗಾಲದ ಮೇವಿನ ನೆಲ. ದೈತ್ಯಾಕಾರದ ರೆಕ್ಕೆ ತಿರುಗುವ ಕಡೆಗೆ ಅವು ಸುಳಿಯುವುದಿಲ್ಲ. ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದಾಗಲೇ, ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮಿತಿ 2018ರ ಕೊನೆಗೆ ಕಾಮಗಾರಿ ನಿಲ್ಲಿಸಿ ಎಂದು ಕೇಳಿದ್ದಾಗಲೇ, ಕಟ್ಟುವುದು ಮುಂದುವರಿಯಿತು. 2021ರ ಅಕ್ಟೋಬರ್ 11ರಂದು ನಾರ್ವೆಯ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು: ಲೈಸೆನ್ಸ್ ಸಿಂಧುವಲ್ಲ, ಸಾಮಿ ಪಶುಪಾಲಕರು ತಮ್ಮ ಸಂಸ್ಕೃತಿಯಂತೆ ಬದುಕುವ ಹಕ್ಕಿಗೆ ಧಕ್ಕೆಯಾಗಿದೆ. ಯಂತ್ರಗಳು ಮಾತ್ರ ತಿರುಗುತ್ತಲೇ ಇದ್ದವು. ತೀರ್ಪು ಬಂದು 500 ದಿನವಾದಾಗ, 2023ರ ಫೆಬ್ರುವರಿಯಲ್ಲಿ, ಸಾಮಿ ಯುವಕರು ಓಸ್ಲೋದ ಇಂಧನ ಸಚಿವಾಲಯದ ಒಳಗೆ ಹೋಗಿ ಕೂತರು. ಗಾಯಕಿ ಎಲ್ಲಾ ಮಾರಿಯೆ ಹೆತ್ತಾ ಇಸಾಕ್ಸೆನ್ ಇದ್ದರು, ಗ್ರೇಟಾ ಥುನ್‌ಬರ್ಗ್ ಬಂದು ಸೇರಿದರು. ಹಲವರು ತಮ್ಮ ಸಾಂಪ್ರದಾಯಿಕ ಉಡುಪು ಗಾಕ್ತಿಯನ್ನು ಒಳಮೈ ಹೊರಗೆ ಮಾಡಿ ತೊಟ್ಟಿದ್ದರು. ಅದು ಪ್ರತಿಭಟನೆಯ ಗುರುತು. ಮಾರ್ಚ್ ಮೊದಲ ವಾರ ಸಚಿವರು ಕ್ಷಮೆ ಕೇಳಿದರು. 2023ರ ಡಿಸೆಂಬರ್ ಮತ್ತು 2024ರ ಮಾರ್ಚ್‌ನಲ್ಲಿ ಎರಡು ಪಶುಪಾಲಕ ಗುಂಪುಗಳ ಜೊತೆ ಪರಿಹಾರದ ಒಪ್ಪಂದಗಳಾದವು. ಯಂತ್ರಗಳು ಅಲ್ಲೇ ಇವೆ.

ಈ ಕಥೆಯಲ್ಲಿ ದೈತ್ಯ ಯಾರು? ಯೋಜನೆಯ ಪಾಲುದಾರರಲ್ಲಿ ನಾರ್ವೆ ಸರ್ಕಾರದ ಸ್ಟಾಟ್‌ಕ್ರಾಫ್ಟ್ ಇತ್ತು, ಜರ್ಮನಿಯ ಮ್ಯೂನಿಕ್ ನಗರದ ಸಾರ್ವಜನಿಕ ವಿದ್ಯುತ್ ಕಂಪನಿ ಇತ್ತು. ಹೊಗೆ ಇಲ್ಲ, ಡ್ರಮ್ಮು ಇಲ್ಲ, ಉದ್ದೇಶವೂ ಒಳ್ಳೆಯದೇ. ಮ್ಯೂನಿಕ್‌ನ ಗ್ರಾಹಕನಿಗೆ ತನ್ನ ಕರೆಂಟು ಶುದ್ಧ ಎಂಬ ಸಮಾಧಾನ. ಸಾಮಿ ನಾಯಕರು ಇದನ್ನು ಹಸಿರು ವಸಾಹತುಶಾಹಿ ಎನ್ನುತ್ತಾರೆ. ‘ರಾಗ್ನರಾಕ್’ನ ವ್ಯಾಕರಣದಲ್ಲಿ ಈ ಅನ್ಯಾಯವನ್ನು ಹೇಳಲು ಬರುವುದೇ ಇಲ್ಲ. ಅಲ್ಲಿ ಖಳ ಕೊಳಕಾಗಿರಲೇಬೇಕು.

ಸಾಮಿ ಜನ ಪರದೆಯ ಮೇಲೆ ಬಂದೇ ಇಲ್ಲವೆಂದಲ್ಲ. 2016ರ ಸ್ವೀಡಿಶ್-ಫ್ರೆಂಚ್ ಸೀರೀಸ್ ‘ಮಿಡ್‌ನೈಟ್ ಸನ್’ ನಡೆಯುವುದು ಉತ್ತರ ಸ್ವೀಡನ್ನಿನ ಕಬ್ಬಿಣದ ಗಣಿಯ ಊರು ಕಿರುನಾದಲ್ಲಿ, ಅದರಲ್ಲಿ ಸಾಮಿ ಪಾತ್ರಗಳಿವೆ. ಆದರೆ ಅವರ ನಂಬಿಕೆಗಳು ಬಹುಪಾಲು ಕೊಲೆಯ ರಹಸ್ಯಕ್ಕೆ ಒಗ್ಗರಣೆಯಾಗಿ ಬರುತ್ತವೆ, ಡೋಲಿನ ಸದ್ದಿನ ಹಾಗೆ. ಇದಕ್ಕಿಂತ ಅಚ್ಚುಕಟ್ಟಾಗಿ ನಡೆದುಕೊಂಡದ್ದು, ನಂಬಿದರೆ ನಂಬಿ, ಡಿಸ್ನಿ. ‘ಫ್ರೋಜನ್ 2’ ಚಿತ್ರದಲ್ಲಿ ರಾಜ ಕಾಡಿನ ಜನರಿಗೆ ಉಡುಗೊರೆ ಎಂದು ಅಣೆಕಟ್ಟು ಕಟ್ಟಿಸುತ್ತಾನೆ, ಅದೇ ಅವರ ನೆಲಕ್ಕೆ ಕಂಟಕವಾಗುತ್ತದೆ. ಆ ಚಿತ್ರಕ್ಕಾಗಿ ಕಂಪನಿ 2019ರಲ್ಲಿ ಮೂರೂ ದೇಶಗಳ ಸಾಮಿ ಸಂಸತ್ತುಗಳು ಮತ್ತು ಸಾಮಿ ಪರಿಷತ್ತಿನ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡಿತು. ಸಲಹೆ ಕೇಳುತ್ತೇವೆ, ಸಾಮಿ ಭಾಷೆಯಲ್ಲೂ ಚಿತ್ರ ಬಿಡುಗಡೆ ಮಾಡುತ್ತೇವೆ ಎಂದಿತ್ತು, ಮಾಡಿತು. ಕಾಡಿನವರನ್ನು ಕೇಳಿ ತೆಗೆದುಕೋ ಎಂಬ ಹಳೆಯ ನಿಯಮವನ್ನು ಒಂದು ಕಾರ್ಟೂನ್ ಚಿತ್ರ ಕಾಗದದ ಮೇಲೆ ಪಾಲಿಸಿದೆ ಎಂದಾದರೆ, ಪ್ರೌಢರ ಸೀರೀಸ್‌ಗಳಿಗೆ ಅದೇಕೆ ಕಷ್ಟ?

ಮುಂದಿನ ಕಥೆಗೆ ಜಾಗ ಕಿರುನಾದಲ್ಲೇ ಸಿದ್ಧವಿದೆ. ಗಣಿ ಅಗೆದಗೆದು ನೆಲ ಕುಸಿಯುವುದರಿಂದ ಊರನ್ನೇ ಸ್ಥಳಾಂತರಿಸುತ್ತಿದ್ದಾರೆ. 1912ರಲ್ಲಿ ಕಟ್ಟಿದ 672 ಟನ್ ತೂಕದ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಎರಡು ದಿನ ಗಾಡಿಯ ಮೇಲೆ ಮೆಲ್ಲಗೆ ಸಾಗಿಸಿ ಐದು ಕಿಲೋಮೀಟರ್ ಆಚೆ ಇಟ್ಟರು. ಟಿವಿಯಲ್ಲಿ ನೇರಪ್ರಸಾರವಿತ್ತು, ಜಗತ್ತು ಬೆರಗಾಗಿ ನೋಡಿತು. ಅದೇ ಊರಿನ ಪಕ್ಕದ ಪೆರ್ ಯೇಯರ್ ನಿಕ್ಷೇಪದಲ್ಲಿ ಅಪರೂಪದ ಲೋಹಗಳ ಆಕ್ಸೈಡ್ 10 ಲಕ್ಷ ಟನ್‌ಗೂ ಹೆಚ್ಚಿದೆ ಎಂದು ಗಣಿ ಕಂಪನಿ ಎಲ್‌ಕೆಎಬಿ 2023ರ ಜನವರಿಯಲ್ಲಿ ಪ್ರಕಟಿಸಿತ್ತು. ಗಾಳಿಯಂತ್ರಕ್ಕೂ, ಎಲೆಕ್ಟ್ರಿಕ್ ಕಾರಿನ ಮೋಟಾರಿಗೂ ಬೇಕಾದ ಶಕ್ತಿಶಾಲಿ ಆಯಸ್ಕಾಂತಗಳು ಇಂಥ ಲೋಹಗಳಿಂದಲೇ ಆಗುತ್ತವೆ, ಬೆಂಗಳೂರಿನ ಎಲೆಕ್ಟ್ರಿಕ್ ಸ್ಕೂಟರುಗಳಿಗೂ ಅದೇ ಬೇಕು. ಇಂಥ ಆಯಕಟ್ಟಿನ ಗಣಿಗಳಿಗೆ 27 ತಿಂಗಳೊಳಗೆ ಪರವಾನಗಿ ತೀರ್ಮಾನವಾಗಬೇಕು ಎಂದು ಐರೋಪ್ಯ ಒಕ್ಕೂಟ ಕಾನೂನು ಮಾಡಿದೆ. ಆ ನೆಲ ಗಬ್ನಾ ಎಂಬ ಸಾಮಿ ಪಶುಪಾಲಕ ಸಮುದಾಯದ ಹಿಮಸಾರಂಗಗಳು ಬೆಟ್ಟಕ್ಕೂ ಕಾಡಿಗೂ ಓಡಾಡುವ ದಾರಿ. ಹಳೆಯ ಗಣಿ ಮತ್ತು ಊರು ಈಗಾಗಲೇ ಅದನ್ನು ಕಿರಿದು ಮಾಡಿವೆ, ಹೊಸದು ಬಂದರೆ ದಾರಿ ಕಡಿದೇ ಹೋಗುತ್ತದೆ ಎಂಬುದು ಅವರ ಅಳಲು.

ಈ ಕಥೆಯನ್ನು ಸೀರೀಸ್ ಮಾಡಹೊರಟವರಿಗೆ ಪಾತ್ರ ಹಂಚುವಾಗಲೇ ತೊಡಕಾಗುತ್ತದೆ. ಎಲ್‌ಕೆಎಬಿ ಸ್ವೀಡನ್ ಸರ್ಕಾರದ ಸ್ವಂತ ಕಂಪನಿ. ಲೆಕ್ಕಕ್ಕೆ ಅದರ ಒಡೆಯರು ರಾತ್ರಿ ಊಟವಾದ ಮೇಲೆ ಸೋಫಾದಲ್ಲಿ ಕೂತು ಎಸ್‌ವಿಟಿ ನೋಡುವ ಪ್ರಜೆಗಳೇ.